ಸೊನ್ನೆಗೆ ಇಳಿಸಿದ ಸಮುದ್ರ

ಸಮುದ್ರವಿಜ್ಞಾನಿ ಡಿ. ಶಂಕರ್ ಅವರ ಮಾತು ಬಂದರೆ ಬಲ್ಲವರು ಮೊದಲು ಎತ್ತುವುದು 2002ರ ಪ್ರಬಂಧವನ್ನು. ಪಿ.ಎನ್. ವಿನಯಚಂದ್ರನ್ ಮತ್ತು ಎ.ಎಸ್. ಉನ್ನಿಕೃಷ್ಣನ್ ಅವರ ಜೊತೆ ಸೇರಿ ಉತ್ತರ ಹಿಂದೂ ಮಹಾಸಾಗರದ ಮಾನ್ಸೂನ್ ಪ್ರವಾಹಗಳ ಮೇಲೆ ಬರೆದದ್ದು. ಐವತ್ತಕ್ಕೂ ಮಿಕ್ಕಿದ ಪುಟಗಳು. ಅದರ ಕೀರ್ತಿ ನ್ಯಾಯವಾದದ್ದೇ. ಆದರೆ 2001ರಲ್ಲಿ, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡೇ, ಸತೀಶ್ ಶೆಟ್ಯೆ ಅವರೊಂದಿಗೆ ‘ಜಿಯೊಫಿಸಿಕಲ್ ರಿಸರ್ಚ್ ಲೆಟರ್ಸ್’ನಲ್ಲಿ ಅವರು ಪ್ರಕಟಿಸಿದ ಮೂರೇ ಪುಟದ ಬರಹ ಅದಕ್ಕಿಂತ ಹಿರಿದು ಎಂಬುದು ನನ್ನ ನಿಲುವು.

ಅದರ ಶೀರ್ಷಿಕೆಯೇ ಒಂದು ಪ್ರಶ್ನೆ. ಭಾರತದ ತೀರದಲ್ಲಿ ಅರಬ್ಬಿ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯ ಸರಾಸರಿ ಮಟ್ಟ ಯಾಕೆ ಎತ್ತರ? ಪ್ರಶ್ನೆಯ ಹಿಂದೆ ದೊಡ್ಡ ಕಥೆಯಿದೆ. 1858ರಿಂದ 1909ರವರೆಗೆ ಬ್ರಿಟಿಷ್ ಸರ್ವೆಯವರು ತೀರದ ಉಬ್ಬರವಿಳಿತ ಕೇಂದ್ರಗಳನ್ನು, ನಮ್ಮ ಕಾರವಾರವೂ ಸೇರಿದಂತೆ, ನೆಲದ ಮೇಲೆ ಲೆವೆಲಿಂಗ್ ಮಾಡಿ, ಅಂದರೆ ಎತ್ತರದ ಅಂತರ ಅಳೆಯುತ್ತ ಸಾಗಿ, ಜೋಡಿಸಿದರು. ವಿಶಾಖಪಟ್ಟಣದ ಸಮುದ್ರ ಮುಂಬೈಯದಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲಿದೆ ಎಂದು ಲೆಕ್ಕ ಹೇಳಿತು. ಅವರು ತಮ್ಮ ಲೆಕ್ಕವನ್ನೇ ನಂಬಲಿಲ್ಲ. ಸಮುದ್ರ ಎಲ್ಲ ಕಡೆ ಸಮ ಇರಲೇಬೇಕೆಂದುಕೊಂಡು, ತಪ್ಪನ್ನು ಅಳತೆಯ ಮೇಲೆ ಹೊರಿಸಿ, ಎಲ್ಲ ಕೇಂದ್ರಗಳನ್ನೂ ಸೊನ್ನೆಗೆ ಕಟ್ಟಿಹಾಕಿದರು.

ಶಂಕರ್ ಮತ್ತು ಶೆಟ್ಯೆ ಆ ಸೊನ್ನೆಯನ್ನು ಬಿಚ್ಚಿದರು. ಒಂದೇ ಅಳತೆಯ ಎರಡು ಲೋಟದಲ್ಲಿ ಒಂದೇ ತೂಕದ ಸಿಹಿನೀರು, ಉಪ್ಪುನೀರು ಹಾಕಿ ನೋಡಿ. ಸಿಹಿನೀರು ಹಗುರ, ಹಾಗಾಗಿ ತುಸು ಮೇಲೆ ನಿಲ್ಲುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಯರು ಸುರಿಯುವ ಕೊಲ್ಲಿಯಲ್ಲಿ ಉಪ್ಪು ಕಡಿಮೆ. ಬೀಳುವುದಕ್ಕಿಂತ ಹೆಚ್ಚು ನೀರು ಆವಿಯಾಗುವ ಅರಬ್ಬಿ ಸಮುದ್ರದಲ್ಲಿ ಜಾಸ್ತಿ. ಇದರಿಂದ ಹುಟ್ಟುವ ಏರುಪೇರು ಸರ್ವೆಯವರು ಕಂಡ ಅಂತರಕ್ಕೆ ಹೋಲುವಷ್ಟಿದೆ ಎಂದು ಸಮುದ್ರದ ಅಳತೆಗಳಿಂದಲೇ ತೋರಿಸಿದರು.

‘ಹೋಲುವಷ್ಟು’ ಎಂಬ ಮಾತಿನ ಹತ್ತಿರ ನಾನು ಬಹಳ ಹೊತ್ತು ನಿಂತಿದ್ದೇನೆ. ಹೋಲುವುದು ಬೇರೆ, ಸರಿಸಮ ಆಗುವುದು ಬೇರೆ. ಅಷ್ಟು ಉದ್ದದ ಲೆವೆಲಿಂಗ್‌ನಲ್ಲಿ ದೋಷವೇ ಇರಲಿಲ್ಲವೆಂದು ಈ ಬರಹದಿಂದ ಸಾಬೀತಾಗುವುದಿಲ್ಲ. ಆದರೆ ಲೇಖಕರು ಅಲ್ಲಿಯೇ ನಿಂತಿದ್ದಾರೆ, ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಕೊಳೆತ ನೆಲಗಟ್ಟನ್ನು ಕಿತ್ತವರಿಗೆ ಆ ಸಂಯಮ ಸುಲಭವಲ್ಲ. ಬಿಸಿಲಲ್ಲಿ ಕೋಲು ಹಿಡಿದು ಅಳೆದ ಹೆಸರಿಲ್ಲದ ನೌಕರರ ಕೆಲಸಕ್ಕೆ ಒಂದು ಶತಮಾನ ತಡವಾಗಿ ಮರ್ಯಾದೆ ಸಿಕ್ಕಿದ್ದೂ ಈ ಬರಹದಿಂದಲೇ.

ಇಲ್ಲಿ ನನ್ನ ಜಗಳ ಉಲ್ಲೇಖಗಳನ್ನು ಎಣಿಸಿ ವಿದ್ವತ್ತು ತೂಗುವವರ ಜೊತೆ. 2002ರದಂಥ ಸಮಗ್ರ ಪ್ರಬಂಧವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಎಲ್ಲರೂ ಹಾಯುವ ಹೆದ್ದಾರಿ. ಹಳೆಯ ತಪ್ಪೊಂದನ್ನು ತಿದ್ದಿದ ಬರಹವನ್ನು ಒಮ್ಮೆ ಓದಿದರೆ ಸಾಕು, ಆ ತಪ್ಪು ಮತ್ತೆ ತಲೆಗೆ ಬಾರದು. ಅಂಥ ಪ್ರಭಾವ ಪಟ್ಟಿಯಲ್ಲಿ ಕಾಣುವುದಿಲ್ಲ. ಸಮುದ್ರ ಕರಾವಳಿಯವರ ವಿಷಯ ಎಂದು ಬಿಟ್ಟುಬಿಡುವ ನಮ್ಮ ವಿಜ್ಞಾನ ಲೇಖಕರ ಮೇಲೂ ನನಗೆ ಸಿಟ್ಟಿದೆ. ಒಳನಾಡಿಗೂ ಅದು ಸಂಬಂಧಿಸಿದ್ದೇ: ಚನ್ನಗಿರಿಯ ಸೂಳೆಕೆರೆಯಿಂದ ಹೊರಟ ಹರಿದ್ರಾ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹೊನ್ನಾಳಿಯ ಸೇತುವೆ ಕೆಳಗೆ ಹೋದ ಆ ತುಂಗಭದ್ರೆ ಕೃಷ್ಣೆಯಾಗಿ ಹಂಸಲದೀವಿಯಲ್ಲಿ ಕೊಲ್ಲಿಗೆ ಬೀಳುತ್ತದೆ. ಗಂಗೆ–ಬ್ರಹ್ಮಪುತ್ರದ ಮುಂದೆ ಇದು ಬೊಗಸೆ ನೀರು, ನಿಜ. ಆದರೂ ವಿಶಾಖಪಟ್ಟಣದ ಆ ಎತ್ತರದಲ್ಲಿ ನ್ಯಾಮತಿಯ ಮಳೆಯ ಪಾಲೂ ಇದೆ. ಮಳೆಗಾಗಿ ಮುಗಿಲು ನೋಡುವ ಜಗಳೂರಿನ ರೈತನಿಗೂ ಸಮುದ್ರದ ಉಪ್ಪಿನ ಲೆಕ್ಕ ಹೊರಗಿನದಲ್ಲ: ಚಳಿಗಾಲದಲ್ಲಿ ಕೊಲ್ಲಿಯ ಹಗುರ ನೀರು ಶ್ರೀಲಂಕಾ ಬಳಸಿ ಲಕ್ಷದ್ವೀಪದ ಕಡೆಗೆ ಬರುವುದನ್ನೂ, ಅದರ ನೆರವಿನಿಂದ ಮುಂಗಾರಿಗೆ ಮುಂಚೆ ಅಲ್ಲಿ ಕಡಲು ಬಿಸಿಯಾಗುವುದನ್ನೂ ಇದೇ ವಿಜ್ಞಾನಿಗಳ ಬಳಗ ಬಿಡಿಸಿ ಹೇಳಿದೆ.

ದೂರೊಂದಿದೆ. ಮೂರು ಪುಟದ ಈ ಬರಹ ಇಂಗ್ಲಿಷ್ ಪತ್ರಿಕೆಯಲ್ಲೇ ಉಳಿದಿದೆ. ಹರಿಹರ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಓದುವ ಹುಡುಗಿಗೆ, ಯಾವ ಸಮುದ್ರದಿಂದ ಎಂದು ಕೇಳಬಹುದೆಂಬುದೇ ಗೊತ್ತಿಲ್ಲ. ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಭೂಗೋಳ ಕಲಿಸುವ ಮೇಷ್ಟ್ರು ಯಾರಾದರೂ ಈ ಮೂರು ಪುಟಗಳನ್ನು ಕನ್ನಡಕ್ಕೆ ತನ್ನಿ. ಒಂದು ವಾರದ ಕೆಲಸ.