ಸಂಪಿಗೆಯೋ ಕಾಬಾಳೆಯೋ? ಬಚ್ಚಲ ನೀರನ್ನು ಕೇಳಿ

ಮನೆ ಮುಂದಕ್ಕೆ ಸಂಪಿಗೆ ಒಳ್ಳೆಯದೋ ಕಾಬಾಳೆ ಒಳ್ಳೆಯದೋ, ಯಾವುದು ಬೇಗ ಹೂ ಬಿಡುತ್ತದೆ ಎಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಾಗಿದೆ. ಆ ಲೆಕ್ಕ ಎರಡು ಸಾಲಿಗೆ ಮುಗಿಯುತ್ತದೆ. ಕಾಬಾಳೆ ಗಡ್ಡೆ ನೆಟ್ಟರೆ ಸುಮಾರು 3 ತಿಂಗಳಿಗೆ ಹೂವು, ನೀರಿನ ಆಸರೆ ಇದ್ದರೆ ಆಮೇಲೆ ಹೆಚ್ಚುಕಡಿಮೆ ವರ್ಷವಿಡೀ. ಬೀಜದಿಂದ ಬಂದ ಸಂಪಿಗೆಗೆ 8–10 ವರ್ಷ ಕಾಯಬೇಕು, ಕಸಿ ಗಿಡಕ್ಕೆ 2–3 ವರ್ಷ ಸಾಕು. ಒಂದಕ್ಕೆ ಪರಿಮಳವಿಲ್ಲ, ಇನ್ನೊಂದಕ್ಕೆ ಅವಸರವಿಲ್ಲ. ಇಷ್ಟಕ್ಕೆ ಅಂಕಣ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಹೂವಿನ ಬಣ್ಣ ನೋಡಿ ಗಿಡ ಆರಿಸುವುದೇ ನಮ್ಮ ಹೊಸ ಬಡಾವಣೆಗಳ ದೊಡ್ಡ ತಪ್ಪು. ಆರಿಸಬೇಕಾದ್ದು ಕೆಳಗಿನಿಂದ: ಮಣ್ಣು ಯಾವುದು, ನೀರು ಎಲ್ಲಿ ನಿಲ್ಲುತ್ತದೆ, ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ.

ಚುಂಚನಕಟ್ಟೆಯನ್ನು ನಡುವೆ ಇಟ್ಟುಕೊಂಡು ಸುತ್ತಲ ನಾಲ್ಕು ತಾಲ್ಲೂಕು ನೋಡಿದರೆ ಇದು ತಾನೇ ಗೊತ್ತಾಗುತ್ತದೆ. ಕೆ.ಆರ್. ನಗರವನ್ನು ಭತ್ತದ ಕಣಜ ಎನ್ನುತ್ತೇವೆ. ಚಾಮರಾಜ ನಾಲೆಗಳ ನೀರು ಹರಿಯುವ ಕಡೆ ಗದ್ದೆ ಬಯಲಿನ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಗದ್ದೆಗೆ ತಾಗಿದ ಊರುಗಳಲ್ಲಿ ಮಳೆಗಾಲಕ್ಕೆ ಹಿತ್ತಲೂ ಜೌಗು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ಕೆಮ್ಮಣ್ಣು ಹಾಗಲ್ಲ, ಬಿದ್ದ ಮಳೆಯನ್ನು ಬೇಗ ಇಳಿಸಿಬಿಡುತ್ತದೆ. ಸಂಪಿಗೆಗೆ ಬೇಕಾದ್ದು ಈ ಎರಡನೆಯದು. ಅದು ಮಲೆಕಾಡಿನ ಮರ, ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಭಾರ್ಗವಿ ಹೊಳೆಯ ಪಕ್ಕದಲ್ಲೇ ಇದೆಯಲ್ಲ ಎಂದು ವಾದ ಹೂಡುವವರಿದ್ದಾರೆ. ಹೊಳೆ ದಂಡೆಯ ನೀರು ಹರಿಯುವ ನೀರು. ಗದ್ದೆಯ ಮಗ್ಗುಲಲ್ಲಿ ಇರುವುದು ನಿಂತ ನೀರು. ಮರಕ್ಕೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತು.

ಸುಮಾರು ಸಾವಿರ ವರ್ಷದ ಹಿಂದಿನ ಕನ್ನಡದ ‘ಲೋಕೋಪಕಾರ’ ಈ ಅಂಕಣದ ಹಳೆಯ ಚಟ. ಓದುಗರು ಸಹಿಸಿಕೊಂಡು ಬಂದಿದ್ದಾರೆ. 2ನೇ ಚಾವುಂಡರಾಯನ ಆ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಪತ್ತೆ ಮಾಡುವ ವಿಚಾರವೂ ಇದೆ, ವೃಕ್ಷಾಯುರ್ವೇದವೂ ಇದೆ. ಬಾವಿಯ ಜಾಗ, ಗಿಡದ ಆರೈಕೆ, ಅಡುಗೆ, ಸುಗಂಧ ಎಲ್ಲವೂ ಒಬ್ಬ ಗೃಹಸ್ಥ ತಿಳಿದಿರಬೇಕಾದ ಒಂದೇ ವಿದ್ಯೆ ಎಂದು ಬಗೆದ ಪುಸ್ತಕ ಅದು. ಈಗ ಪ್ಲಂಬರ್ ಒಬ್ಬ, ಗಾರ್ಡನ್ ಕಂಟ್ರಾಕ್ಟರ್ ಇನ್ನೊಬ್ಬ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಬಚ್ಚಲ ಪೈಪು ಬೀದಿ ಚರಂಡಿಗೆ, ಕುಡಿಯುವ ನೀರು ಲಾನಿಗೆ! ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ನಡುವೆ ಎರಡಡಿ ಚೌಕದ ಗುಂಡಿ ಬಿಟ್ಟು, ಅದರಲ್ಲೊಂದು ಸಂಪಿಗೆ ಸಸಿ ನಿಲ್ಲಿಸಿ ‘ನೇಟಿವ್ ಗಾರ್ಡನ್’ ಎಂದು ಬಿಲ್ ಮಾಡುವ ಪಂಥದ ಜೊತೆ ಈ ಅಂಕಣಕ್ಕೆ ಹಳೆಯ ಜಗಳವಿದೆ, ರಾಜಿಯ ಲಕ್ಷಣವಿಲ್ಲ.

ಅವರ ಮುಖ್ಯ ತಕರಾರು, ಕಾಬಾಳೆ ಅಮೆರಿಕ ಖಂಡದಿಂದ ಬಂದದ್ದು, ನಮ್ಮದಲ್ಲ ಎಂಬುದು. ನಿಜ, ಬಂದದ್ದೇ. ಚೆಂಡು ಹೂವೂ ಅಲ್ಲಿಂದಲೇ ಬಂತು, ಸುಗಂಧರಾಜವೂ ಬಂತು, ದೇವಸ್ಥಾನದ ಅಂಗಳದ ದೇವಕಣಗಿಲೆಯೂ ಬಂತು. ಚುಂಚನಕಟ್ಟೆಯ ಕೋದಂಡರಾಮನಿಗೆ ಚೆಂಡು ಹೂವಿನ ಹಾರ ಹಾಕುವ ಕೈ ಮನೆಯ ಕಾಬಾಳೆಯನ್ನು ಪರದೇಶಿ ಎಂದು ಕಿತ್ತೆಸೆದರೆ ಅದು ನ್ಯಾಯವಲ್ಲ. ಆದರೂ ತಕರಾರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಎಚ್.ಡಿ. ಕೋಟೆ ಕಡೆ ನಾಗರಹೊಳೆ ಕಾಡಂಚಿನಲ್ಲಿ ಲಂಟಾನ ಮಾಡಿರುವ ಅನಾಹುತ ಕಣ್ಣಮುಂದಿದೆ. ಅದೂ ತೋಟದ ಹೂವಾಗಿಯೇ ಬಂದದ್ದು. ಕಾಬಾಳೆ ಆ ಮಟ್ಟದ ಪುಂಡ ಅಲ್ಲ, ಆದರೆ ನೀರಿನ ಅಂಚು ಸಿಕ್ಕರೆ ಹಬ್ಬುತ್ತದೆ. ಹೆಚ್ಚಾದ ಗಡ್ಡೆಯನ್ನು ನಾಲೆಗೋ ಹೊಳೆಗೋ ಎಸೆಯದೆ ಬಿಸಿಲಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ಕಾಬಾಳೆಯ ನಿಜವಾದ ಯೋಗ್ಯತೆ ಇರುವುದು ಅದರ ಬುಡದಲ್ಲಿ. ಹೂವು ಒಂದು ವಿಚಿತ್ರ, ಒಪ್ಪೋಣ: ನಾವು ಎಸಳು ಎಂದುಕೊಳ್ಳುವ ಅಗಲ ಬಣ್ಣದ ಭಾಗಗಳು ಎಸಳೇ ಅಲ್ಲ, ರೂಪ ಬದಲಿಸಿದ ಕೇಸರಗಳು, ಪರಾಗ ಇರುವುದು ಒಂದೇ ಕೇಸರದ ಒಂದು ಅಂಚಿನಲ್ಲಿ, ನಿಜವಾದ ಎಸಳುಗಳು ಕೆಳಗೆ ಸಣ್ಣದಾಗಿ ಅಡಗಿರುತ್ತವೆ. ಆದರೆ ಕೊಳೆ ನೀರು ಶುದ್ಧಿ ಮಾಡಲು ಕಟ್ಟುವ ಜೌಗು ಪಾತಿಗಳಿಗೆ ಜಗತ್ತಿನ ಹಲವು ಕಡೆ ಇದೇ ಗಿಡವನ್ನು ನೆಡುವುದು ಹೂವಿಗಾಗಿ ಅಲ್ಲ. ನಿಂತ ನೀರಿನಲ್ಲೂ ಇದರ ಬೇರು ಉಸಿರು ಕಟ್ಟುವುದಿಲ್ಲ, ಸುತ್ತಲಿನ ಸೂಕ್ಷ್ಮಜೀವಿಗಳಿಗೂ ಗಾಳಿ ಒದಗಿಸುತ್ತದೆ. ಸಾರಜನಕ, ರಂಜಕಗಳನ್ನು ಹೀರಿ ಎಲೆ ಮಾಡಿಕೊಳ್ಳುತ್ತದೆ. ನಮ್ಮ ಹಳೆಯ ಹಿತ್ತಲುಗಳಲ್ಲಿ ಬಚ್ಚಲ ನೀರಿನ ಬಾಯಿಗೆ ಬಾಳೆ, ಕೆಸು, ಕಾಬಾಳೆ ಇರುತ್ತಿದ್ದದ್ದು ಸುಮ್ಮನೆ ಅಲ್ಲ. ಅಲ್ಲಿ ಸಂಪಿಗೆ ನೆಟ್ಟರೆ ಮರವೂ ಉಳಿಯದು, ನೀರೂ ಇಂಗದು.

ಸೊಳ್ಳೆ, ಹಾವು ಎಂಬ ಹೆದರಿಕೆಗೂ ಉತ್ತರ ಹೇಳಬೇಕು. ಸೊಳ್ಳೆ ಹುಟ್ಟುವುದು ಬಯಲಲ್ಲಿ ನಿಂತ ನೀರಿನಲ್ಲಿ. ಪಾತಿಗೆ ಜಲ್ಲಿ, ಮರಳು ತುಂಬಿ ನೀರು ಮೇಲೆ ಕಾಣದಂತೆ ಮಾಡಿದರೆ ಆ ಚಿಂತೆ ಇಲ್ಲ. ಹೂ ಮುಗಿದ ದಂಟು ಮತ್ತೆ ಹೂ ಬಿಡುವುದಿಲ್ಲ, ಬುಡಕ್ಕೆ ಕೊಯ್ಯಬೇಕು. 2–3 ವರ್ಷಕ್ಕೊಮ್ಮೆ ಗಡ್ಡೆ ಕಿತ್ತು ಬಿಡಿಸಿ ನೆಡಬೇಕು. ಪೊದೆ ತೆಳುವಾಗಿದ್ದರೆ ಹಾವಿಗೆ ಅಲ್ಲೇನೂ ಕೆಲಸವಿಲ್ಲ. ಹಳದಿ ಗೆರೆ ಎಳೆದ ಎಲೆಯ ಗಡ್ಡೆಯನ್ನು ‘ಹೊಸ ವೆರೈಟಿ’ ಎಂದು ಮಾರಿದರೆ ಎರಡು ಸಲ ಯೋಚಿಸಿ, ಅದು ವೈರಸ್ ರೋಗವೂ ಆಗಿರಬಹುದು.

ನೆರಳಿನ ವಿಷಯದಲ್ಲಿ ಮಾತ್ರ ಕಾಬಾಳೆ ಸೋಲುತ್ತದೆ, ವಾದವೇ ಇಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ವರ್ಷ ವರ್ಷ ಸೌದೆ ಸುರಿಯುವ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಒಂದೊಂದು ಮರಕ್ಕೂ ತೂಕವಿದೆ. ಅಲ್ಲಿ ಜಾಗವಿರುವವರು ಸಂಪಿಗೆಯನ್ನೇ ನೆಡಲಿ, ಗೋಡೆಯಿಂದ 20 ಅಡಿ ದೂರದಲ್ಲಿ. ಬೀಜದಿಂದ ಬೆಳೆಸುವವರು ಕಾಯಿ ಒಡೆದಾಗ ಕಾಣುವ ಕೆಂಪು ತಿರುಳನ್ನು ನೀರಲ್ಲಿ ಉಜ್ಜಿ ತೊಳೆದು ತಡಮಾಡದೆ ಬಿತ್ತಬೇಕು. ಇಟ್ಟ ಬೀಜ ಬೇಗ ಸತ್ತುಹೋಗುತ್ತದೆ. ಎಲೆಗೆ ಹಸಿರು ಹುಳು ಬಿದ್ದರೆ ಕೂಡಲೇ ಔಷಧಿ ಹೊಡೆಯಬೇಡಿ. ಹಸಿರು ಚುಕ್ಕೆಯ ಒಂದು ಚಿಟ್ಟೆ ಮೊಟ್ಟೆ ಇಡುವ ಮರಗಳಲ್ಲಿ ಸಂಪಿಗೆಯೂ ಒಂದು, ದೊಡ್ಡ ಮರಕ್ಕೆ ಅದೇನೂ ಹೊರೆಯಲ್ಲ.

ಉಳಿದವರು ನರ್ಸರಿಗೆ ಹೋಗುವ ಮೊದಲು ಮನೆ ಮುಂದೆ ಎರಡಡಿ ಆಳದ ಗುಂಡಿ ತೋಡಿ, ಬೆಳಿಗ್ಗೆ ತುಂಬ ನೀರು ಹುಯ್ದು ನೋಡಿ. ಮಧ್ಯಾಹ್ನದೊಳಗೆ ಇಂಗಿದರೆ ಕಸಿ ಸಂಪಿಗೆ ತನ್ನಿ. ಸಂಜೆಗೂ ನೀರು ಹಾಗೇ ಇದ್ದರೆ ಕಾಬಾಳೆ ಗಡ್ಡೆ ತಂದು, ಬಚ್ಚಲ ಪೈಪನ್ನು ಅದರ ಕಡೆಗೆ ತಿರುಗಿಸಿ.