ಕಟ್ಟಿನ ಸಾರಿನ ಬೇಳೆ
ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ ಸೀಮೆಯಲ್ಲಿ ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಇರಲೇಬೇಕು. ಅದರ ರುಚಿಯೆಲ್ಲ ಹೂರಣದ ಕಡಲೆಬೇಳೆ ಬೆಂದ ನೀರಿನದು, ಅಂದರೆ ಕಟ್ಟಿನದು. ಬೆರಳಲ್ಲಿ ಒತ್ತಿದರೆ ಬೇಳೆ ಹಿಸುಕಿಹೋಗಬೇಕು, ಪಾತ್ರೆಯಲ್ಲಿ ಕರಗಬಾರದು. ಈ ಹದ ಬಲ್ಲ ಕೈಗಳ ಮೇಲೆ ನನಗೆ ಅಪಾರ ಗೌರವ.

ಕೊಳವೆಬಾವಿಯ ಗಡಸು ನೀರಾದರೆ ಬೇಳೆ ಹಟ ಹಿಡಿಯುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನೊಳಗಿನ ಪೆಕ್ಟಿನ್ ಜೊತೆ ಬೆಸೆದು ಅದನ್ನು ಬಿಗಿಯಾಗಿಸುತ್ತವೆ. ಹುಣಸೆಹುಳಿಯೂ ಮೆತ್ತಗಾಗಲು ಬಿಡದು; ಅದಕ್ಕೇ ಬೇಳೆ ಬೆಂದು, ಕಟ್ಟು ಬಸಿದ ಮೇಲೆಯೇ ಹುಳಿ. ಹಳೆಯ ಬೇಳೆಯನ್ನು ಹೆಚ್ಚು ಹೊತ್ತು ನೆನೆಸಬೇಕು. ಚಿಟಿಕೆ ಸೋಡಾ ಹಾಕಿದರೆ ಬೇಗ ಬೆಂದೀತು, ಆದರೆ ಕಟ್ಟಿನ ರುಚಿ ಕೆಡುತ್ತದೆ. ನನಗದು ಬೇಡವೇ ಬೇಡ.

ಬಸಿದ ಕಟ್ಟಿಗೆ ಹುರಿದು ಅರೆದ ಮಸಾಲೆ, ಒಂದಿಷ್ಟು ಹೂರಣ, ಹುಣಸೆರಸ ಕೂಡಿಸಿ ಕುದಿಸಿದರೆ ಸಾರು ಸಿದ್ಧ; ಮಾರನೇ ದಿನ ಅದು ಇನ್ನೂ ರುಚಿ.