ಪಿಕಪ್ಪಿನ ಬೆನ್ನ ಮೇಲೆ ಭಾರ ಎಲ್ಲಿ ಕೂರಬೇಕು?

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ವಾರವಿಡೀ ಗೊಬ್ಬರದ ಮೂಟೆ, ಮೆಣಸಿನ ಚೀಲ ಹೊರುವ ಮಹೀಂದ್ರ ಬೊಲೆರೊ ಕ್ಯಾಂಪರ್‌ಗಳು ಭಾನುವಾರ ಗುಡ್ಡ ಹತ್ತುವುದೂ ಉಂಟು. 2016ರಲ್ಲಿ ಭಾರತಕ್ಕೆ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಮಾರುಕಟ್ಟೆಗಿಳಿದ ಬಿಡದಿಯ ಟೊಯೊಟ ಹೈಲಕ್ಸ್ ಈಗ ಅವುಗಳ ಜೊತೆಗೂಡಿವೆ. ಬೆಲೆಯಲ್ಲಿ ಅಜಗಜಾಂತರ. ಅಡಿಗೆ ಬಗ್ಗಿ ನೋಡಿದರೆ ಮಾತ್ರ ಮೂರೂ ಒಂದೇ ಕುಲ: ಉದ್ದಕ್ಕೂ ಗಟ್ಟಿ ಚಾಸಿ, ಹಿಂದೆ ಲೀಫ್ ಸ್ಪ್ರಿಂಗ್, ಚಾಸಿಯ ಮೇಲೆ ಬೇರೆಬೇರೆಯಾಗಿ ಕೂತ ಕ್ಯಾಬಿನ್ ಮತ್ತು ಬಾಡಿ.

ಹೊಸದಾಗಿ ಆಫ್‌ರೋಡ್ ಹುಚ್ಚು ಹಿಡಿದವರ ದುಡ್ಡು ಮೊದಲು ಹೋಗುವುದು ಮೇಲಕ್ಕೆ. ಎತ್ತರದ ಪೈಪ್ ಫ್ರೇಮು, ಅದರ ಮೇಲೆ ಸ್ಟೆಪ್ನಿ, ಡೀಸೆಲ್ ಡಬ್ಬಿ, ಸಲಿಕೆ. ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೈಯಲ್ಲಿ ಕಾಸು ಕಡಿಮೆ ಇರುವವರು ಹಿಡಿಯಬೇಕಾದ್ದು ಇದರ ಉಲ್ಟಾ ದಾರಿ. ಭಾರವೆಲ್ಲ ಕೆಳಗೆ, ಕ್ಯಾಬಿನ್ ಗೋಡೆಗೆ ಒತ್ತಿಕೊಂಡು ಮುಂದೆ. ಇದು ಅಗ್ಗ ಅಷ್ಟೇ ಅಲ್ಲ, ಸರಿಯಾದ ದಾರಿಯೂ ಹೌದು.

20 ಲೀಟರ್ ಡೀಸೆಲ್ ಸುಮಾರು 17 ಕೆ.ಜಿ., 40 ಲೀಟರ್ ನೀರು 40 ಕೆ.ಜಿ. ಸ್ಟೆಪ್ನಿ, ಜ್ಯಾಕು, ಮಳೆಗಾಲದ ಟೈರ್ ಚೈನು ಸೇರಿದರೆ ನೂರರ ಗಡಿ ಸಲೀಸಾಗಿ ದಾಟುತ್ತದೆ. ಇಷ್ಟೂ ಹಿಂಬಾಗಿಲ ಹತ್ತಿರ, ಅಂದರೆ ಹಿಂದಿನ ಆಕ್ಸಲ್‌ಗಿಂತ ಆಚೆ ಕೂತರೆ ಗಾಡಿಯ ಮೂತಿ ಹಗುರಾಗುತ್ತದೆ. ಕೆಂಪು ಜೇಡಿಯ ಏರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೇರ ಹೋಗುವುದಕ್ಕೆ ಇದೂ ಒಂದು ಕಾರಣ. ಅದೇ ಭಾರ ನೆತ್ತಿಯ ಮೇಲಿದ್ದರೆ ಅಡ್ಡ ಇಳಿಜಾರಿನಲ್ಲಿ ಪಲ್ಟಿಯ ಭಯ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಕ್ಯಾಬಿನ್ನಿಗೂ ಬಾಡಿಗೂ ನಡುವೆ ಎರಡು ಬೆರಳಷ್ಟು ಸಂದು ಇರುತ್ತದೆ. ಸಮನೆಲದಲ್ಲಿ ಅದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ. ಒಂದು ಹಿಂಚಕ್ರ ಗುಂಡಿಗಿಳಿದು ಅದೇ ಬದಿಯ ಮುಂಚಕ್ರ ಬಂಡೆ ಹತ್ತಿದಾಗ ಚಾಸಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ಬಾಡಿ ಇನ್ನೊಂದು ಕಡೆ. ಪಕ್ಕದಲ್ಲಿ ನಿಂತವರಿಗೆ ಸಂದು ವಾರೆಯಾಗುವುದು ಕಣ್ಣಿಗೇ ಕಾಣುತ್ತದೆ. ಕಂಪನಿಯವರು ಬೇಕೆಂದೇ ಬಿಟ್ಟ ಜಾಗ ಅದು. ಕ್ಯಾಬಿನ್ ಚಾವಣಿ ಮತ್ತು ಬಾಡಿ ಎರಡಕ್ಕೂ ಒಂದೇ ಫ್ರೇಮ್ ಬೆಸೆದರೆ ಆ ತಿರುಚಾಟವೆಲ್ಲ ವೆಲ್ಡಿಂಗಿನ ಮೇಲೆ ಬೀಳುತ್ತದೆ. ವೆಲ್ಡಿಂಗ್ ಬಿರಿಯುತ್ತದೆ, ಇಲ್ಲವೇ ಚಾವಣಿಯ ತಗಡು ಹರಿಯುತ್ತದೆ. ಫ್ರೇಮ್ ಬೇಕೇ ಬೇಕೆಂದರೆ ಬಾಡಿಯ ಮೇಲಷ್ಟೇ ನಿಲ್ಲಿಸಿ, ಕ್ಯಾಬಿನ್ ಮಟ್ಟ ಮೀರದಂತೆ ನೋಡಿಕೊಳ್ಳಬೇಕು. 25 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪದ್ದಾದರೆ, ಮೀಟರಿಗೆ ಒಂದೂವರೆ ಕೆ.ಜಿ.ಯೂ ತೂಗುವುದಿಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು ಡ್ರಾಯರ್. ಆಮದು ಸ್ಟೀಲ್ ಡ್ರಾಯರ್‌ಗಳಿಗೆ ಸುರಿಯುವ ಹಣದಲ್ಲಿ ಸಣ್ಣದೊಂದು ಪಾಲು ಸಾಕು, ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡೇ ಆಗಬೇಕು, ಸಾಧಾರಣ ಪ್ಲೈ ಒಂದು ಮಲೆನಾಡ ಮಳೆಗೇ ಪದರ ಬಿಡುತ್ತದೆ. 18 ಮಿ.ಮೀ. ಬೇಡ, 12 ಸಾಕು: 8x4 ಹಾಳೆಯೊಂದಕ್ಕೆ ಹತ್ತು ಕೆ.ಜಿ.ಗೂ ಹೆಚ್ಚು ತೂಕ ಉಳಿಯುತ್ತದೆ. ಬೇರಿಂಗಿನ ಚಾನೆಲ್‌ಗೆ ಕೆಸರು, ದೂಳು ಹೊಕ್ಕರೆ ಕೆಲಸ ಮುಗಿಯಿತು. ಅದರ ಬದಲು ಬಿಳಿ ಚಾಪಿಂಗ್ ಬೋರ್ಡ್ ತಯಾರಾಗುವ ಎಚ್‌ಡಿಪಿಇ ಪ್ಲಾಸ್ಟಿಕ್ಕನ್ನು ಪಟ್ಟಿಯಾಗಿ ಕತ್ತರಿಸಿ ಅಡಿಗೆ ಬಡಿದರೆ ಡ್ರಾಯರ್ ನುಣುಪಾಗಿ ಜಾರುತ್ತದೆ, ನೀರು ಕುಡಿದು ಉಬ್ಬುವುದೂ ಇಲ್ಲ. ಪೆಟ್ಟಿಗೆಯ ತಳ ಬಾಡಿಯ ನೀರಿನ ತೂತುಗಳನ್ನು ಮುಚ್ಚಬಾರದು. ಹೊಸ ತೂತು ಕೊರೆದಲ್ಲೆಲ್ಲ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಲೇಬೇಕು. ತುಕ್ಕು ಶುರುವಾಗುವುದು ಅಲ್ಲಿಂದಲೇ.

ನೆಲಕ್ಕೆ ಹಾಸಲು ದನದ ಕೊಟ್ಟಿಗೆಯ ರಬ್ಬರ್ ಮ್ಯಾಟ್‌ಗಿಂತ ಒಳ್ಳೆಯದು ಈ ಬೆಲೆಗೆ ಸಿಗದು. ತೂಕವಿದೆ, ಆದರೆ ಆ ತೂಕ ಇರುವುದು ತಳದಲ್ಲೇ, ಸಾಮಾನೂ ಜಾರುವುದಿಲ್ಲ. ಒಂದೇ ಎಚ್ಚರಿಕೆ: ಪೆಟ್ರೋಲ್ ಡಬ್ಬಿಯನ್ನು ಇಂಥ ರಬ್ಬರಿನ ಅಥವಾ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟು ತುಂಬಿಸಬಾರದು. ಸ್ಥಿರ ವಿದ್ಯುತ್ತು ನೆಲಕ್ಕೆ ಹರಿಯಲು ದಾರಿಯಿಲ್ಲದೆ ಕಿಡಿ ಹಾರಿ ಬೆಂಕಿ ಬಿದ್ದ ಉದಾಹರಣೆಗಳಿವೆ. ಡಬ್ಬಿಯನ್ನು ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು.

ಕಟ್ಟುವ ವಿಷಯದಲ್ಲಿ ಜಿಪುಣತನ ಬೇಡ. ಆಸ್ಟ್ರೇಲಿಯಾದ ಸರಕು ಬಿಗಿತದ ನಿಯಮದಂತೆ ಮುಂದಕ್ಕೆ ಭಾರದ ಶೇ. 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇ. 50ರಷ್ಟು ಬಲವನ್ನು ಕಟ್ಟು ತಡೆಯಬೇಕು. ಅದು ರಸ್ತೆಯ ಲೆಕ್ಕ, ಕಲ್ಲುದಾರಿಯಲ್ಲಿ ಇನ್ನೂ ಹೆಚ್ಚೇ ಬೇಕು. ನೈಲಾನ್ ಹಗ್ಗ ಹಿಗ್ಗುತ್ತದೆ. ರ‍್ಯಾಚೆಟ್ ಪಟ್ಟಿಯೇ ಆಗಬೇಕು. ಕೊಕ್ಕೆಯನ್ನು ತೆಳು ತಗಡಿಗೆ ಸಿಕ್ಕಿಸದೆ, ಅಡಿಯಲ್ಲಿ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಬೇಕು.

ಭಾರಕ್ಕೆ ಹಿಂಭಾಗ ಕುಸಿಯಿತೆಂದು ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಏರಿಸುವುದು ಎಲ್ಲ ಗ್ಯಾರೇಜುಗಳ ಸಲಹೆ. ಪ್ಲೇಟ್ ಹೆಚ್ಚಿದಷ್ಟೂ ಸ್ಪ್ರಿಂಗ್ ಬಿಗಿಯಾಗಿ, ಗುಂಡಿಯಲ್ಲಿ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಮೊದಲು ಇಳಿಸಬೇಕಾದ್ದು ಸಾಮಾನನ್ನು.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿಯಲ್ಲಿ, ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಬಾಡಿ ಕತ್ತರಿಸುವುದು, ಎತ್ತರಿಸುವುದು ಬಿಟ್ಟು, ಕಂಪನಿ ಕೊಟ್ಟ ಕೊಕ್ಕೆಗಳಿಗೇ ಬಿಗಿದು ಬೇಕೆಂದಾಗ ಬಿಚ್ಚುವಂಥ ಪೆಟ್ಟಿಗೆ ಮಾಡಿಸುವುದು ಜಾಣತನ. ಅಡ್ಡಡ್ಡಲಾಗಿ ಒಂದೇ ದೊಡ್ಡ ಡ್ರಾಯರ್ ಮಾಡಿಸುವ ಬದಲು ಅಕ್ಕಪಕ್ಕ ಎರಡು ಮಾಡಿಸಿದರೆ ಒಂದೊಂದನ್ನೂ ಇಬ್ಬರು ಎತ್ತಿ ಕೆಳಗಿಡಬಹುದು.